ಇಂಗ್ಲಿಷ್ ಪದಸಂಪತ್ತು ಬೆಳೆಸುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪ್ರಶ್ನೆಗಳು ನನಗೆ ಮಾತಿನಲ್ಲಿ, ಪತ್ರಗಳಲ್ಲಿ, ಮೆಸೇಜುಗಳಲ್ಲಿ ಬರುತ್ತಲೇ ಇರುತ್ತವೆ. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಬರೆಯುವ ಬದಲು ಎಲ್ಲವನ್ನೂ ಒಂದೇ ಕಡೆ ಸೇರಿಸಿದ್ದೇನೆ. ಕೇಳಿದವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇನೆ. ಶುರುವಿನ ಪ್ರಶ್ನೆಗಳು ಮೊದಲು, ಸೂಕ್ಷ್ಮವಾದವು ಆಮೇಲೆ. ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು.

## ಶುರು ಮಾಡುವವರಿಗೆ

ಅಡ್ವಾನ್ಸ್ಡ್ ವೊಕ್ಯಾಬುಲರಿ ಅಂದ್ರೆ ಎಷ್ಟು ಪದ? ಒಂದು ನಂಬರ್ ಹೇಳಿ ಸಾಕು.

ದಿನಪತ್ರಿಕೆ, ಕಾದಂಬರಿಯಂಥ ಬರಹವನ್ನು ಯಾರ ನೆರವೂ ಇಲ್ಲದೆ ಸಲೀಸಾಗಿ ಓದಲು 8,000ದಿಂದ 9,000 ಪದಕುಟುಂಬಗಳು ಬೇಕು ಎಂದು ಪಾಲ್ ನೇಷನ್ ಎಂಬ ಭಾಷಾತಜ್ಞರು 2006ರಲ್ಲಿ ಲೆಕ್ಕ ಹಾಕಿದರು. ಮಾತು ಅರ್ಥವಾಗಲು 6,000ದಿಂದ 7,000 ಸಾಕು. ಪದಕುಟುಂಬ ಅಂದರೆ ಒಂದೇ ಬುಡದಿಂದ ಹುಟ್ಟಿದ ಪದಗಳ ಗುಂಪು. ‘ಹ್ಯಾಪಿ’, ‘ಹ್ಯಾಪಿಲಿ’, ‘ಹ್ಯಾಪಿನೆಸ್’, ‘ಅನ್‌ಹ್ಯಾಪಿ’ ಎಲ್ಲ ಸೇರಿ ಒಂದು ಕುಟುಂಬ.

ಈ ನಂಬರ್ ನೋಡಿ ಹೆದರಬೇಡಿ. ಆಕ್ಸ್‌ಫರ್ಡ್‌ನ ದೊಡ್ಡ ನಿಘಂಟಿನ ಎರಡನೇ ಆವೃತ್ತಿ 1989ರಲ್ಲಿ 20 ಸಂಪುಟಗಳಲ್ಲಿ ಬಂತು. ಅದರಲ್ಲಿರುವ ಪದಗಳೆಲ್ಲ ಗೊತ್ತಿರುವ ಮನುಷ್ಯ ಎಲ್ಲೂ ಇಲ್ಲ, ಇಂಗ್ಲಿಷ್ ಮನೆಮಾತಾಗಿರುವವರಲ್ಲೂ ಇಲ್ಲ. ನಮಗೆ ಬೇಕಾಗಿರುವುದು ಅದರಲ್ಲಿ ಒಂದು ಸಣ್ಣ ಪಾಲು, ಅಷ್ಟೇ.

ನನ್ನ ಬೇಸಿಕ್ ಇಂಗ್ಲಿಷೇ ವೀಕು. ಈಗಲೇ ದೊಡ್ಡ ಪದಗಳನ್ನ ಕಲಿಬಹುದಾ?

ಸ್ವಲ್ಪ ತಡೆಯಿರಿ. ಇಂಗ್ಲಿಷ್‌ನಲ್ಲಿ ಅತಿ ಹೆಚ್ಚು ಬಳಕೆಯಾಗುವ ಸುಮಾರು 2,000 ಪದಗಳ ಪಟ್ಟಿಯೊಂದನ್ನು ಮೈಕೆಲ್ ವೆಸ್ಟ್ 1953ರಲ್ಲೇ ಪ್ರಕಟಿಸಿದ್ದರು. ಆಮೇಲೆ ಅದರ ಹೊಸ ರೂಪಗಳೂ ಬಂದಿವೆ. ಯಾವ ಪುಟ ತೆರೆದರೂ ಬಹುಪಾಲು ಪದಗಳು ಇಂಥ ಪಟ್ಟಿಯವೇ ಆಗಿರುತ್ತವೆ. ಇವು ಗಟ್ಟಿಯಾಗದೆ ಮೇಲಿನ ಪದ ಕಲಿತರೆ ಅದನ್ನು ಕೂರಿಸಲು ವಾಕ್ಯವೇ ಇರುವುದಿಲ್ಲ.

ಗಟ್ಟಿ ಅಂದರೆ ಬರೀ ಅರ್ಥ ಗೊತ್ತಿರುವುದಲ್ಲ. ‘ರನ್’ ಅಂದರೆ ಓಡು ಅಂತ ಎಲ್ಲರಿಗೂ ಗೊತ್ತು. ಆದರೆ ಮೂಗು ಸೋರುವುದಕ್ಕೂ ‘ರನ್’, ಅಂಗಡಿ ನಡೆಸುವುದಕ್ಕೂ ‘ರನ್’, ಚುನಾವಣೆಗೆ ನಿಲ್ಲುವುದಕ್ಕೂ ‘ರನ್’, ದುಡ್ಡು ಮುಗಿದುಹೋದರೆ ‘ರನ್ ಔಟ್’. ಚಿಕ್ಕ ಪದಗಳ ಈ ಹರವು ಕೈಗೆ ಬಂದವರ ಇಂಗ್ಲಿಷ್ ಕೇಳಲು ಎಷ್ಟು ಸಹಜವಾಗಿರುತ್ತದೆ ಅಂದರೆ, ಅವರಿಗೆ ಕಷ್ಟದ ಪದ ಎಷ್ಟು ಗೊತ್ತು ಅಂತ ಯಾರೂ ಲೆಕ್ಕ ಹಾಕಲು ಹೋಗುವುದಿಲ್ಲ.

ಓದಿದ್ರೆ ಅರ್ಥ ಆಗುತ್ತೆ, ಮಾತಾಡೋಕೆ ಹೋದ್ರೆ ಒಂದೂ ಬಾಯಿಗೆ ಬರಲ್ಲ. ನನ್ನಲ್ಲೇನಾದ್ರೂ ದೋಷ ಇದೆಯಾ?

ಖಂಡಿತ ಇಲ್ಲ. ಗುರುತು ಹಿಡಿಯುವುದು ಒಂದು ಕೆಲಸ, ನೆನಪಿನಿಂದ ಎತ್ತಿ ಕೊಡುವುದು ಇನ್ನೊಂದು ಕೆಲಸ. ಯಾವುದೋ ಮುಖ ನೋಡಿದ ತಕ್ಷಣ ‘ಇವರು ಗೊತ್ತು’ ಅನ್ನಿಸುತ್ತದೆ, ಹೆಸರು ಮಾತ್ರ ಬರುವುದಿಲ್ಲ, ಅಲ್ವಾ? ಇದೂ ಹಾಗೇ. ಕನ್ನಡದಲ್ಲೂ ನಾವು ಓದಿ ತಿಳಿಯುವ ಪದಗಳು ಜಾಸ್ತಿ, ಆಡುವ ಪದಗಳು ಕಮ್ಮಿ.

ಒಂದು ಪದ ಬಾಯಿಗೆ ಬರಬೇಕಾದರೆ ಅದನ್ನು ಬಾಯಿಯಿಂದಲೇ ಕೆಲವು ಸಲ ಹೊರಡಿಸಬೇಕು. ವಾರಕ್ಕೆ ನಾಲ್ಕೈದು ಪದ ಆರಿಸಿಕೊಳ್ಳಿ. ನಿಮ್ಮ ನಿಜವಾದ ದಿನದ ಬಗ್ಗೆ, ನಿಮ್ಮ ಕೆಲಸದ ಬಗ್ಗೆ ಆ ಪದ ಹಾಕಿ ವಾಕ್ಯ ಮಾಡಿ, ಜೋರಾಗಿ ಹೇಳಿ. ‘ರಿಲಕ್ಟೆಂಟ್’ ಅಂದರೆ ಮನಸ್ಸಿಲ್ಲದ, ಹಿಂಜರಿಯುವ. ಇವತ್ತು ಯಾವ ಕೆಲಸಕ್ಕೆ ನಿಮಗೆ ಮನಸ್ಸಿರಲಿಲ್ಲ? ಅದನ್ನೇ ಹೇಳಿ. ನಿಮ್ಮದೇ ಬದುಕಿಗೆ ತಗುಲಿಕೊಂಡ ಪದ ಬೇಗ ಬಾಯಿಗೆ ಬರುತ್ತದೆ.

ಡಿಕ್ಷನರಿ ಯಾವುದು ಇಟ್ಕೊಳ್ಳಲಿ? ಇಂಗ್ಲಿಷ್-ಕನ್ನಡ ಬಳಸಿದ್ರೆ ತಪ್ಪಾ?

ತಪ್ಪಲ್ಲ. ‘ಫರ್ನ್’ ಎಂಬ ಗಿಡವನ್ನು ಇಂಗ್ಲಿಷ್‌ನಲ್ಲೇ ವಿವರಿಸಿಕೊಂಡು ಒದ್ದಾಡುವ ಬದಲು ‘ಜರೀಗಿಡ’ ಅಂತ ಒಂದು ಮಾತಿನಲ್ಲಿ ತಿಳಿದರೆ ಕೆಲಸ ಮುಗಿಯಿತು. ಕಷ್ಟ ಬರುವುದು ಭಾವನೆ, ಗುಣ, ವಿಚಾರಗಳ ಪದಗಳಲ್ಲಿ. ನಮ್ಮ ‘ನಾಚಿಕೆ’ಯನ್ನೇ ನೋಡಿ. ಹೊಸಬರ ಮುಂದೆ ಮಾತಾಡಲು ನಾಚಿಕೆ, ಎಲ್ಲರೆದುರು ಕಾಲು ಜಾರಿ ಬಿದ್ದಾಗ ನಾಚಿಕೆ, ಮಾಡಬಾರದ ಕೆಲಸ ಮಾಡಿದಾಗಲೂ ನಾಚಿಕೆ. ಇಂಗ್ಲಿಷ್‌ನಲ್ಲಿ ಮೊದಲನೆಯದು ‘ಶೈ’, ಎರಡನೆಯದು ‘ಎಂಬ್ಯಾರಸ್ಡ್’, ಮೂರನೆಯದು ‘ಅಷೇಮ್ಡ್’. ಮೂರಕ್ಕೂ ‘ನಾಚಿಕೆ’ ಅಂತ ಬರೆದುಕೊಂಡರೆ ಯಾವುದನ್ನು ಎಲ್ಲಿ ಹಾಕಬೇಕೆಂದು ಗೊತ್ತೇ ಆಗುವುದಿಲ್ಲ.

ಹಾಗಾಗಿ ಕಲಿಯುವವರಿಗೆಂದೇ ಮಾಡಿದ ಇಂಗ್ಲಿಷ್-ಇಂಗ್ಲಿಷ್ ನಿಘಂಟು ಒಂದಿರಲಿ. ಈ ಜಾತಿಯ ನಿಘಂಟಿಗೆ ದಾರಿ ಮಾಡಿದವರಲ್ಲಿ ಎ. ಎಸ್. ಹಾರ್ನ್‌ಬಿ ಮುಖ್ಯರು. ಅವರ ನಿಘಂಟು ಮೊದಲು 1942ರಲ್ಲಿ ಜಪಾನಿನಲ್ಲಿ ಬಂತು, ಆಮೇಲೆ 1948ರಲ್ಲಿ ಆಕ್ಸ್‌ಫರ್ಡ್‌ನಿಂದ. ಲಾಂಗ್‌ಮನ್ ನಿಘಂಟು 1978ರಲ್ಲಿ ಬಂದಾಗ ಎಲ್ಲ ಅರ್ಥಗಳನ್ನೂ ಸುಮಾರು 2,000 ಸುಲಭ ಪದಗಳಲ್ಲೇ ವಿವರಿಸಿತು. 1987ರ ಕೋಬಿಲ್ಡ್ ಇನ್ನೂ ಮುಂದೆ ಹೋಗಿ, ಅರ್ಥವನ್ನೇ ಪೂರ್ತಿ ವಾಕ್ಯದಲ್ಲಿ ಬರೆಯಿತು. ನನಗೆ ಇಷ್ಟವಾದದ್ದು ಇದು, ಯಾಕಂದರೆ ಅರ್ಥ ಓದುತ್ತಲೇ ಬಳಕೆಯೂ ಕಣ್ಣಿಗೆ ಬೀಳುತ್ತದೆ.

ನಲವತ್ತು ದಾಟಿದೆ. ಇನ್ನು ತಲೆಗೆ ಹತ್ತುತ್ತಾ?

ಹತ್ತುತ್ತದೆ. ವಯಸ್ಸಾದಂತೆ ಹೆಸರು ತಕ್ಷಣ ನೆನಪಾಗುವುದು ನಿಧಾನವಾಗಬಹುದು, ಆದರೆ ಪದಗಳ ತಿಳಿವಳಿಕೆ ನಡುವಯಸ್ಸು ದಾಟಿದ ಮೇಲೂ ಬೆಳೆಯುತ್ತಲೇ ಹೋಗುತ್ತದೆ. ಬದುಕು ನೋಡಿದವರಿಗೆ ಒಂದು ಅನುಕೂಲವೂ ಇದೆ. ‘ನಾಸ್ಟಾಲ್ಜಿಯಾ’, ‘ರಿಗ್ರೆಟ್’, ‘ಕಾಂಪ್ರಮೈಸ್’ ಎಂಬ ಪದಗಳ ಹಿಂದಿರುವ ಅನುಭವ ಅವರ ಹತ್ತಿರ ಆಗಲೇ ಇದೆ. ಹೆಸರು ಕೊಡುವುದಷ್ಟೇ ಬಾಕಿ.

## ನೆನಪಿನ ಬಗ್ಗೆ

ನಿನ್ನೆ ಕಲಿತದ್ದು ಇವತ್ತು ಮಾಯ. ನನ್ನ ಮೆಮೊರಿ ಅಷ್ಟು ಕೆಟ್ಟದಾ?

ಎಲ್ಲರಿಗೂ ಮಾಯವಾಗುತ್ತದೆ. ಹರ್ಮನ್ ಎಬಿಂಗ್‌ಹೌಸ್ ಎಂಬ ಜರ್ಮನ್ ವಿಜ್ಞಾನಿ ಅರ್ಥವೇ ಇಲ್ಲದ ಅಕ್ಷರಗುಂಪುಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಅಂತ ಅಳೆದು 1885ರಲ್ಲಿ ಪ್ರಕಟಿಸಿದರು. ಮರೆವು ಮೊದಲ ಕೆಲವು ಗಂಟೆಗಳಲ್ಲೇ ತುಂಬಾ ಜೋರು, ಆಮೇಲೆ ನಿಧಾನ. ಒಂದೇ ದಿನ ರಾಶಿ ಸಲ ಓದುವುದಕ್ಕಿಂತ ದಿನಗಳ ಅಂತರ ಬಿಟ್ಟು ಓದಿದರೆ ನೆನಪು ಉಳಿಯುತ್ತದೆ ಅನ್ನುವುದನ್ನೂ ಅವರು ಕಂಡುಕೊಂಡಿದ್ದರು.

ಇದನ್ನು ಮನೆಯಲ್ಲೇ ಮಾಡುವ ಸುಲಭ ದಾರಿಯನ್ನು ಸೆಬಾಸ್ಟಿಯನ್ ಲೈಟ್ನರ್ 1972ರಲ್ಲಿ ಹೇಳಿಕೊಟ್ಟರು. ಒಂದು ಡಬ್ಬಿ, ಅದರಲ್ಲಿ ಐದು ಖಾನೆ. ಒಂದು ಬದಿ ಪದ, ಇನ್ನೊಂದು ಬದಿ ಅರ್ಥ ಬರೆದ ಹೊಸ ಚೀಟಿಗಳೆಲ್ಲ ಮೊದಲ ಖಾನೆಗೆ. ಸರಿಯಾಗಿ ಹೇಳಿದರೆ ಚೀಟಿ ಮುಂದಿನ ಖಾನೆಗೆ ಹೋಗುತ್ತದೆ, ತಪ್ಪಿದರೆ ಮತ್ತೆ ಮೊದಲನೆಯದಕ್ಕೆ. ಮೊದಲ ಖಾನೆಯನ್ನು ದಿನಾ ನೋಡಿ, ಮುಂದಿನ ಖಾನೆಗಳನ್ನು ಅಪರೂಪಕ್ಕೆ. ಗೊತ್ತಿರುವ ಪದಕ್ಕೆ ಸಮಯ ಹಾಳಾಗುವುದಿಲ್ಲ, ಕಾಡುವ ಪದ ಮತ್ತೆ ಮತ್ತೆ ಎದುರಾಗುತ್ತದೆ. 2006ರಲ್ಲಿ ಬಂದ ಆಂಕಿಯಂಥ ಆ್ಯಪ್‌ಗಳು ಇದೇ ಕೆಲಸವನ್ನು ಲೆಕ್ಕ ಹಾಕಿ ಮಾಡಿಕೊಡುತ್ತವೆ. ಚೀಟಿಯಾದರೂ ಸರಿ, ಆ್ಯಪ್ ಆದರೂ ಸರಿ, ದಿನಾ ಹತ್ತು ನಿಮಿಷ ಕೂರಬೇಕು. ಭಾನುವಾರ ಎರಡು ಗಂಟೆ ಒಟ್ಟಿಗೆ ಕೂತರೆ ಈ ಫಲ ಸಿಗುವುದಿಲ್ಲ.

ನೋಟ್‌ಬುಕ್‌ಗಟ್ಟಲೆ ಪದ, ಅರ್ಥ ಬರೆದಿದ್ದೀನಿ. ಆಗಾಗ ತಿರುವಿ ಹಾಕ್ತೀನಿ. ಆದ್ರೂ ಯಾಕೆ ನೆನಪಿರಲ್ಲ?

ತಿರುವಿ ಹಾಕುವುದರಲ್ಲೇ ಕಷ್ಟ ಇದೆ. ಪದವೂ ಅರ್ಥವೂ ಒಟ್ಟಿಗೆ ಕಣ್ಣೆದುರು ಇದ್ದಾಗ ‘ಹಾಂ, ಇದು ಗೊತ್ತು’ ಅನ್ನಿಸುತ್ತದೆ. ಮನಸ್ಸು ಮಾತ್ರ ಏನೂ ಶ್ರಮ ಪಟ್ಟಿರುವುದಿಲ್ಲ. ರೋಡಿಗರ್ ಮತ್ತು ಕಾರ್ಪಿಕಿ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 2006ರಲ್ಲಿ ವಿದ್ಯಾರ್ಥಿಗಳಿಗೆ ಪಾಠ ಓದಿಸಿ ಇದನ್ನು ಪರೀಕ್ಷಿಸಿದರು. ಐದು ನಿಮಿಷದ ನಂತರ ಕೇಳಿದಾಗ, ಮತ್ತೆ ಮತ್ತೆ ಓದಿದವರು ಮುಂದಿದ್ದರು. ಒಂದು ವಾರದ ನಂತರ ಕೇಳಿದಾಗ, ಓದಿದ್ದನ್ನು ನೆನಪಿನಿಂದ ಬರೆದು ನೋಡಿದವರು ಮುಂದಿದ್ದರು. ನಮಗೆ ಬೇಕಾಗಿರುವುದು ವಾರದ ನಂತರದ ನೆನಪು ತಾನೇ?

ನಾನೂ ವರ್ಷಗಟ್ಟಲೆ ಅಂದವಾಗಿ ನೋಟ್‌ಬುಕ್ ತುಂಬಿಸಿದವನು. ಬದಲಾಯಿಸಿದ್ದು ಒಂದೇ ಒಂದು ವಿಷಯ. ಪದದ ಎದುರು ಅರ್ಥ ಬರೆಯುವುದನ್ನು ಬಿಟ್ಟೆ. ಪದವನ್ನು ಕಂಡ ವಾಕ್ಯವನ್ನೇ ಬರೆದು, ಆ ಪದದ ಜಾಗ ಖಾಲಿ ಬಿಟ್ಟು, ಉತ್ತರವನ್ನು ಹಿಂದಿನ ಪುಟದಲ್ಲಿ ಇಟ್ಟೆ. ತಿರುವಿದಾಗಲೆಲ್ಲ ಖಾಲಿ ಜಾಗ ತುಂಬಲೇಬೇಕು. ಪದದ ಜೊತೆ ಅದರ ವಾಕ್ಯವೂ ನೆನಪಿನಲ್ಲಿ ಉಳಿಯತೊಡಗಿತು.

ದಿನಕ್ಕೆ ಎಷ್ಟು ಪದ ಕಲಿಬೇಕು?

ಐದರಿಂದ ಹತ್ತು. ಐವತ್ತು ಅಂತ ಶುರು ಮಾಡಿದವರು ಎರಡನೇ ವಾರಕ್ಕೆ ನಿಲ್ಲಿಸುವುದನ್ನು ನೋಡಿದ್ದೇನೆ, ಯಾಕಂದರೆ ಹೊಸದರ ಜೊತೆ ಹಳೆಯದನ್ನೂ ನೋಡಬೇಕು, ಆ ಹೊರೆ ದಿನದಿನಕ್ಕೆ ಏರುತ್ತದೆ. ದಿನಕ್ಕೆ ಐದು ಅಂದರೂ ವರ್ಷಕ್ಕೆ 1,825 ಆಯಿತು. ಅರ್ಧ ಉಳಿದರೂ ದೊಡ್ಡ ಗಳಿಕೆ.

ಒಂದೇ ಥರದ ಪದಗಳನ್ನ ಒಟ್ಟಿಗೆ ಕಲಿತ್ರೆ ಸುಲಭ ಅಲ್ವಾ? ಪುಸ್ತಕಗಳಲ್ಲೆಲ್ಲ ಹಾಗೇ ಇರುತ್ತಲ್ಲ.

ಇರುತ್ತದೆ, ಆದರೆ ಹೊಸದಾಗಿ ಕಲಿಯುವಾಗ ಅದು ಕಷ್ಟವನ್ನೇ ಹೆಚ್ಚಿಸುತ್ತದೆ. ಹತ್ತಿರದ ಅರ್ಥದ ಪದಗಳು, ಹತ್ತಿರದ ಸದ್ದಿನ ಪದಗಳು ಒಂದೇ ದಿನ ತಲೆಗೆ ಹೋದರೆ ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ‘ಎಮಿನೆಂಟ್’ ಮತ್ತು ‘ಇಮಿನೆಂಟ್’ ಒಟ್ಟಿಗೆ ಕಲಿತವರಿಗೆ ಯಾವುದು ಹೆಸರಾಂತ, ಯಾವುದು ಇನ್ನೇನು ಸಂಭವಿಸಲಿರುವ ಎಂಬ ಅನುಮಾನ ಬೇಗ ಹೋಗುವುದಿಲ್ಲ. ಮೊದಲು ಒಂದನ್ನು ಗಟ್ಟಿ ಮಾಡಿ. ಕೆಲವು ವಾರ ಬಿಟ್ಟು ಇನ್ನೊಂದು. ಎರಡೂ ಗೊತ್ತಾದ ಮೇಲೆ ಪಕ್ಕಪಕ್ಕ ಇಟ್ಟು ಹೋಲಿಸಿ, ಆಗ ಹೋಲಿಕೆ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ.

ಕನ್ನಡ ಪದದ ಜೊತೆ ತಳುಕು ಹಾಕಿ ನೆನಪಿಟ್ಕೊಳ್ಳೋ ಟ್ರಿಕ್ ಒಳ್ಳೇದಾ?

ಒಳ್ಳೆಯದು. ಅಟ್ಕಿನ್‌ಸನ್ ಮತ್ತು ರಾ ಎಂಬ ಸಂಶೋಧಕರು 1975ರಲ್ಲಿ ರಷ್ಯನ್ ಪದಗಳನ್ನು ಹೀಗೆ ಕಲಿಸಿ ನೋಡಿದ್ದರು, ಫಲ ಚೆನ್ನಾಗಿಯೇ ಸಿಕ್ಕಿತ್ತು. ಹೊಸ ಪದದಂತೆ ಕೇಳಿಸುವ ನಮ್ಮ ಭಾಷೆಯ ಪದ ಹುಡುಕಿ, ಎರಡನ್ನೂ ಒಂದು ಚಿತ್ರದಲ್ಲಿ ಸೇರಿಸುವುದು, ಅಷ್ಟೇ. ‘ಕ್ಯಾಂಡಿಡ್’ ಅಂದರೆ ಮುಚ್ಚುಮರೆ ಇಲ್ಲದೆ ಮಾತಾಡುವ. ‘ಕಂಡಿದ್ದನ್ನು ಕಂಡ ಹಾಗೆ’ ಹೇಳುವವರು ಕ್ಯಾಂಡಿಡ್. ‘ಮೆಟಲ್’ ಎಂದು ಕೇಳಿಸುವ ಇನ್ನೊಂದು ಪದವಿದೆ, ಲೋಹದ ಅರ್ಥದ್ದಲ್ಲ, ಕೆಚ್ಚು ಅನ್ನುವ ಅರ್ಥದ್ದು. ಕಷ್ಟವನ್ನು ‘ಮೆಟ್ಟಿ’ ನಿಲ್ಲುವ ಕೆಚ್ಚು ಅಂದುಕೊಂಡರೆ ಮರೆಯುವುದೇ ಇಲ್ಲ.

ಎಲ್ಲ ಪದಕ್ಕೂ ಇದನ್ನು ಮಾಡಲು ಹೋಗಬೇಡಿ. ಎಷ್ಟು ಸಲ ನೋಡಿದರೂ ಜಾರಿಹೋಗುವ ಹಟಮಾರಿ ಪದಗಳಿಗೆ ಮಾತ್ರ ಇಟ್ಟುಕೊಳ್ಳಿ. ಮತ್ತೆ, ಚಿತ್ರ ನೀವೇ ಕಟ್ಟಿದ್ದಾಗಿರಲಿ.

## ಓದು ಮತ್ತು ಕೇಳುವಿಕೆ

‘ಓದಿ, ಓದಿ’ ಅಂತಾರೆ. ಏನು ಓದಲಿ? ಕಷ್ಟದ್ದು ಓದಿದ್ರೆ ಬೇಗ ಕಲಿತೀನಾ?

ಕಷ್ಟದ್ದು ಓದಿದರೆ ಬೇಗ ಸುಸ್ತಾಗುತ್ತೀರಿ. ಆರಾಮಾಗಿ ಅರ್ಥ ಮಾಡಿಕೊಂಡು ಓದಲು ಸುಮಾರು 98 ಶೇಕಡಾ ಪದಗಳು ಮೊದಲೇ ಗೊತ್ತಿರಬೇಕು ಎಂದು ಈ ವಿಷಯದಲ್ಲಿ ಕೆಲಸ ಮಾಡಿದವರು ಹೇಳುತ್ತಾರೆ. ಅಂದರೆ 50 ಪದಕ್ಕೆ ಒಂದು ಹೊಸದು. 300 ಪದದ ಪುಟದಲ್ಲಿ ಆರು. ನಿಮ್ಮ ಕೈಯಲ್ಲಿರುವ ಪುಸ್ತಕದ ಒಂದು ಪುಟ ತೆಗೆದು ಎಣಿಸಿ. ಇಪ್ಪತ್ತು, ಮೂವತ್ತು ಗೊತ್ತಿಲ್ಲದವು ಸಿಕ್ಕರೆ ಸದ್ಯಕ್ಕೆ ಅದನ್ನು ಕೆಳಗಿಡಿ. ಅದರಲ್ಲಿ ಅವಮಾನವೇನೂ ಇಲ್ಲ.

ಇನ್ನೊಂದು ಮಾತು, ಇದಕ್ಕೆ ತುಂಬಾ ಕಮ್ಮಿ ಜನ ಗಮನ ಕೊಡುತ್ತಾರೆ. ಹತ್ತು ವಿಷಯದ ಹತ್ತು ಲೇಖನ ಓದುವ ಬದಲು ಒಂದೇ ವಿಷಯದ ಹತ್ತು ಲೇಖನ ಓದಿ. ಹವಾಮಾನವೋ, ಕ್ರಿಕೆಟ್ಟೋ, ಖಗೋಳವೋ, ನಿಮಗೆ ಇಷ್ಟವಾದದ್ದು. ಮೊದಲ ಲೇಖನದಲ್ಲಿ ಕಂಡ ‘ಡ್ರೌಟ್’, ‘ಮಿಟಿಗೇಟ್’, ‘ಅನ್‌ಪ್ರೆಸಿಡೆಂಟೆಡ್’ ಎರಡನೆಯದರಲ್ಲೂ ಬರುತ್ತವೆ, ಐದನೆಯದರಲ್ಲೂ ಬರುತ್ತವೆ, ಪ್ರತಿ ಸಲ ಬೇರೆ ಬೇರೆ ವಾಕ್ಯದಲ್ಲಿ. ಚೀಟಿ ಮಾಡದೆಯೇ ಅಂತರ ಬಿಟ್ಟು ಅಭ್ಯಾಸ ಮಾಡಿದ ಹಾಗಾಯಿತು. ಪದಗಳ ಜೊತೆ ಒಡನಾಟ ಬೆಳೆಯುವುದು ಹೀಗೆ. ಇಡೀ ಉತ್ತರದಲ್ಲಿ ಒಂದೇ ಒಂದು ಸಲಹೆ ಪಾಲಿಸುತ್ತೀರಿ ಅಂದರೆ ಇದನ್ನು ಪಾಲಿಸಿ ಅಂತ ನಾನು ಹೇಳುತ್ತೇನೆ.

ಗೊತ್ತಿಲ್ಲದ ಪದ ಬಂದ ಕೂಡ್ಲೆ ನಿಲ್ಲಿಸಿ ಡಿಕ್ಷನರಿ ನೋಡಬೇಕಾ, ಊಹೆ ಮಾಡಿ ಮುಂದೆ ಹೋಗಬೇಕಾ?

ಊಹಿಸಿ, ಗುರುತು ಹಾಕಿ, ಮುಂದೆ ಹೋಗಿ, ಆಮೇಲೆ ನೋಡಿ. ಊಹೆಯನ್ನೇ ನಂಬಿ ಬಿಟ್ಟುಬಿಡಬೇಡಿ. ‘ದಿ ರಿವರ್ ಮಿಯಾಂಡರ್ಸ್ ಥ್ರೂ ದಿ ವ್ಯಾಲಿ’ ಅಂತ ಓದಿದರೆ ನದಿ ಹರಿಯುತ್ತಿದೆ ಅಂತ ಗೊತ್ತಾಗುತ್ತದೆ. ಆದರೆ ಅದು ಅಂಕುಡೊಂಕಾಗಿ, ನಿಧಾನವಾಗಿ ಹರಿಯುತ್ತಿದೆ ಅನ್ನುವುದು ನಿಘಂಟು ನೋಡದೆ ತಿಳಿಯುವುದಿಲ್ಲ. ಇಂಥ ಅರ್ಧ ಸರಿಯಾದ ಊಹೆ ಪೂರ್ತಿ ತಪ್ಪಿಗಿಂತ ಜಾಸ್ತಿ ಕಾಡುತ್ತದೆ. ತಪ್ಪು ಅಂತ ಅನ್ನಿಸುವುದೇ ಇಲ್ಲವಲ್ಲ.

ಒಂದೇ ಪದ ಮೂರನೇ ಸಲ ಎದುರಾದರೆ ಅದು ನಿಮಗೆ ಬೇಕಾದ ಪದ. ಆಗ ಚೀಟಿಗೆ ಹಾಕಿ. ಒಂದೇ ಸಲ ಕಂಡು ಮತ್ತೆ ಬಾರದ ಪದದ ಹಿಂದೆ ಹೋಗುವುದು ಬೇಡ.

ಸಿನಿಮಾ, ಸೀರೀಸ್ ನೋಡಿದ್ರೆ ಸಾಕಾಗಲ್ವಾ?

ಕಿವಿಗೆ, ಉಚ್ಚಾರಣೆಗೆ, ಆಡುಮಾತಿಗೆ ತುಂಬಾ ಒಳ್ಳೆಯದು. ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಂಡು ನೋಡಿ, ಕೇಳಿದ್ದು ಕಣ್ಣಿಗೂ ಸಿಗುತ್ತದೆ. ಆದರೆ ಮಾತಿನಲ್ಲಿ ಬರುವ ಪದಗಳು ಬರಹಕ್ಕಿಂತ ಕಮ್ಮಿ. ಮೇಲಿನ ಹಂತದ ಪದಗಳ ಮನೆ ಬರಹವೇ.

## ಪದಗಳ ಬೇರು

ಲ್ಯಾಟಿನ್, ಗ್ರೀಕ್ ರೂಟ್ಸ್ ಕಲಿತ್ರೆ ಸಾವಿರಾರು ಪದ ತಾನಾಗೇ ಬರುತ್ತೆ ಅಂತಾರೆ. ನಿಜಾನಾ?

ಒಂದು ಮಟ್ಟಕ್ಕೆ ನಿಜ. ‘ಸ್ಪೆಕ್ಟ್’ ಅಂದರೆ ಲ್ಯಾಟಿನ್‌ನಲ್ಲಿ ನೋಡು. ‘ಇನ್‌ಸ್ಪೆಕ್ಟ್’ ಒಳಹೊಕ್ಕು ನೋಡುವುದು, ‘ರೆಟ್ರೋಸ್ಪೆಕ್ಟ್’ ಹಿಂತಿರುಗಿ ನೋಡುವುದು, ‘ಸ್ಪೆಕ್ಟೇಟರ್’ ನೋಡುಗ. ‘ಬೆನೆ’ ಒಳ್ಳೆಯದು, ‘ಮ್ಯಾಲ್’ ಕೆಟ್ಟದ್ದು. ‘ಬೆನೆವೊಲೆಂಟ್’ ಒಳ್ಳೆಯದನ್ನು ಬಯಸುವ, ‘ಮಲೆವೊಲೆಂಟ್’ ಕೆಟ್ಟದ್ದನ್ನು ಬಯಸುವ. ಇಂಥ ಮೂವತ್ತು ನಲವತ್ತು ಬೇರು ಗೊತ್ತಿದ್ದರೆ ಹೊಸ ಪದ ಪೂರ್ತಿ ಅಪರಿಚಿತ ಅನ್ನಿಸುವುದಿಲ್ಲ.

ಆದರೆ ಬೇರು ಹಿಡಿದು ಅರ್ಥ ಕಟ್ಟಲು ಹೋದರೆ ಎಡವುತ್ತೀರಿ. ‘ಪೆಡೆಸ್ಟ್ರಿಯನ್’ನಲ್ಲಿರುವ ‘ಪೆಡ್’ ಲ್ಯಾಟಿನ್ನಿನ ಕಾಲು. ‘ಪೀಡಿಯಾಟ್ರಿಕ್ಸ್’ನಲ್ಲಿರುವುದು ಗ್ರೀಕಿನ ಮಗು. ‘ಔಟ್‌ರೇಜ್’ನಲ್ಲಿ ‘ಔಟ್’ ಇಲ್ಲ, ‘ರೇಜ್’ ಕೂಡ ಇಲ್ಲ. ಅದು ಹಳೆಯ ಫ್ರೆಂಚಿನಿಂದ ಬಂದ ಪದ, ಮೂಲದಲ್ಲಿ ಮಿತಿ ಮೀರುವುದು ಅಂತ ಅರ್ಥ. ಕಾಲ ಕಳೆದಂತೆ ಪದ ಬೇರಿನಿಂದ ದೂರವೂ ಹೋಗುತ್ತದೆ. ‘ನೈಸ್’ ಪದ ಲ್ಯಾಟಿನ್‌ನಲ್ಲಿ ಏನೂ ತಿಳಿಯದವ ಅನ್ನುವ ಅರ್ಥದಿಂದ ಹೊರಟಿದ್ದು. ಅರ್ಥ ನಿಘಂಟಿನಿಂದ ತಿಳಿಯಿರಿ, ಬೇರನ್ನು ನೆನಪಿನ ಗೂಟವಾಗಿ ಬಳಸಿ.

ಒಂದೇ ಅರ್ಥಕ್ಕೆ ಮೂರು ಮೂರು ಪದ ಯಾಕಿದೆ ಇಂಗ್ಲಿಷ್‌ನಲ್ಲಿ? ಎಲ್ಲಾನೂ ಕಲಿಬೇಕಾ?

ಇದು ನನಗೆ ತುಂಬಾ ಇಷ್ಟವಾದ ಪ್ರಶ್ನೆ. 1066ರಲ್ಲಿ ಫ್ರೆಂಚ್ ಮಾತಾಡುವ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. ಆಮೇಲೆ ಶತಮಾನಗಳ ಕಾಲ ಅರಮನೆ, ಕೋರ್ಟುಗಳಲ್ಲಿ ಫ್ರೆಂಚ್, ಚರ್ಚು ಮತ್ತು ವಿದ್ಯೆಗೆ ಲ್ಯಾಟಿನ್, ಹೊಲ ಮನೆಗಳಲ್ಲಿ ಇಂಗ್ಲಿಷ್. ಮೂರೂ ಒಂದೇ ಭಾಷೆಯಲ್ಲಿ ಬೆರೆತವು. ‘ಆಸ್ಕ್’ ಹಳೆಯ ಇಂಗ್ಲಿಷ್, ‘ಕ್ವೆಶ್ಚನ್’ ಫ್ರೆಂಚ್ ದಾರಿಯಿಂದ ಬಂದದ್ದು, ‘ಇಂಟರಾಗೇಟ್’ ಲ್ಯಾಟಿನ್. ಕೊಟ್ಟಿಗೆಯಲ್ಲಿದ್ದಾಗ ‘ಶೀಪ್’, ತಟ್ಟೆಗೆ ಬಂದಾಗ ‘ಮಟನ್’. ಸಾಕಿದವರ ಪದ ಒಂದು, ಉಂಡವರ ಪದ ಇನ್ನೊಂದು.

ಕನ್ನಡಿಗರಿಗೆ ಇದು ಹೊಸದೇನಲ್ಲ. ನಮ್ಮಲ್ಲೂ ‘ನೀರು’ ಇದೆ, ‘ಜಲ’ ಇದೆ, ‘ಉದಕ’ ಇದೆ. ಬಾಯಾರಿದಾಗ ಯಾರೂ ಉದಕ ಕೇಳುವುದಿಲ್ಲ. ಜಲಾಶಯವನ್ನು ಯಾರೂ ನೀರಾಶಯ ಅನ್ನುವುದಿಲ್ಲ. ಮೂರರಲ್ಲಿ ಯಾವುದು ಎಲ್ಲಿಗೆ ಅಂತ ನಮಗೆ ಯೋಚಿಸದೆಯೇ ಗೊತ್ತು. ಇಂಗ್ಲಿಷ್‌ನಲ್ಲೂ ಅದೇ ವಿವೇಕ ಬೆಳೆಸಿಕೊಳ್ಳಬೇಕು. ಗೆಳೆಯನನ್ನು ‘ಆಸ್ಕ್’ ಮಾಡಬಹುದು. ‘ಇಂಟರಾಗೇಟ್’ ಮಾಡುವುದು ಪೊಲೀಸರು.

## ಬಳಕೆಯ ಸೂಕ್ಷ್ಮಗಳು

ಅರ್ಥ ಸರಿ ಇದೆ, ಗ್ರಾಮರ್ ಸರಿ ಇದೆ, ಆದ್ರೂ ‘ಹೀಗೆ ಹೇಳಲ್ಲ’ ಅಂತಾರೆ. ಏನು ಮಾಡಲಿ?

ಪದಗಳಿಗೆ ಜೊತೆಗಾರರಿರುತ್ತಾರೆ. ಕನ್ನಡದಲ್ಲಿ ‘ಕಡುಬಡವ’ ಅನ್ನುತ್ತೇವೆ, ‘ಕಡುಶ್ರೀಮಂತ’ ಅನ್ನುವುದಿಲ್ಲ. ‘ಆಗರ್ಭ ಶ್ರೀಮಂತ’ ಇದ್ದಾನೆ, ‘ಆಗರ್ಭ ಬಡವ’ ಇಲ್ಲ. ಯಾಕೆ ಅಂತ ಕೇಳಿದರೆ ವ್ಯಾಕರಣದಲ್ಲಿ ಉತ್ತರ ಇಲ್ಲ. ಪದವನ್ನು ಅದರ ಸಹವಾಸದಿಂದ ತಿಳಿಯಬೇಕು ಅನ್ನುವ ಮಾತನ್ನು ಜೆ. ಆರ್. ಫರ್ತ್ 1957ರಲ್ಲಿ ಬರೆದರು. ಭಾಷಾವಿಜ್ಞಾನದಲ್ಲಿ ಅದು ಇವತ್ತಿಗೂ ಬಾಳುತ್ತಿದೆ.

ನಮಗೆ ಮಳೆಯೂ ಜೋರು, ಗಾಳಿಯೂ ಜೋರು. ಇಂಗ್ಲಿಷ್‌ನಲ್ಲಿ ಮಳೆ ‘ಹೆವಿ’, ಗಾಳಿ ‘ಸ್ಟ್ರಾಂಗ್’. ತೀರ್ಮಾನವನ್ನು ‘ಮೇಕ್’ ಮಾಡುತ್ತಾರೆ, ‘ಡೂ’ ಅಲ್ಲ. ಅಪರಾಧವನ್ನು ‘ಕಮಿಟ್’ ಮಾಡುತ್ತಾರೆ. ಹಾಗಾಗಿ ಪದವನ್ನು ಒಂಟಿಯಾಗಿ ಬರೆದುಕೊಳ್ಳಬೇಡಿ, ಜೋಡಿಯಾಗಿ ಬರೆದುಕೊಳ್ಳಿ. ‘ಮಿಟಿಗೇಟ್’ ಅಂತ ಅಲ್ಲ, ‘ಮಿಟಿಗೇಟ್ ದಿ ರಿಸ್ಕ್’ ಅಂತ. ಅನುಮಾನ ಬಂದರೆ ಕಾರ್ಪಸ್ ನೋಡಬಹುದು. ಕಾರ್ಪಸ್ ಅಂದರೆ ನಿಜವಾಗಿ ಜನ ಬರೆದ, ಆಡಿದ ಮಾತುಗಳ ದೊಡ್ಡ ಸಂಗ್ರಹ. ಕೋಕಾ ಎಂದು ಕರೆಯುವ ಅಮೆರಿಕನ್ ಇಂಗ್ಲಿಷ್ ಕಾರ್ಪಸ್‌ನಲ್ಲಿ 1990ರಿಂದ ಈಚಿನ 100 ಕೋಟಿಗೂ ಹೆಚ್ಚು ಪದಗಳಿವೆ. ಒಂದು ಪದ ಹಾಕಿದರೆ ಅದರ ಅಕ್ಕಪಕ್ಕ ಯಾವುವು ಬರುತ್ತವೆ ಅಂತ ಸಾಲುಸಾಲಾಗಿ ತೋರಿಸುತ್ತದೆ. ಮೊದಲು ಗಲಿಬಿಲಿ ಅನ್ನಿಸುತ್ತದೆ, ಅರ್ಧ ಗಂಟೆ ಕೂತರೆ ಬಿಡಲು ಮನಸ್ಸು ಬರುವುದಿಲ್ಲ.

ಥೆಸಾರಸ್ ನೋಡಿ ಸುಮ್ನೆ ಪದ ಬದಲಾಯಿಸಿದ್ರೆ ಬರವಣಿಗೆ ಚೆನ್ನಾಗಾಗುತ್ತಾ?

ಕೆಡುವ ಸಾಧ್ಯತೆಯೇ ಹೆಚ್ಚು. ಥೆಸಾರಸ್ ಅಂದರೆ ಹತ್ತಿರದ ಅರ್ಥದ ಪದಗಳನ್ನು ಒಟ್ಟಿಗೆ ಕೊಡುವ ಪುಸ್ತಕ. ಪೀಟರ್ ಮಾರ್ಕ್ ರೋಜೆ 1852ರಲ್ಲಿ ತಮ್ಮ ಥೆಸಾರಸ್ ಪ್ರಕಟಿಸಿದ್ದು, ನಾಲಿಗೆ ತುದಿಯಲ್ಲಿದ್ದೂ ಹೊರಬಾರದ ಪದವನ್ನು ನೆನಪಿಸಲು. ಗೊತ್ತೇ ಇಲ್ಲದ ಪದವನ್ನು ತಂದು ಕೂರಿಸಲು ಅಲ್ಲ. ‘ಸ್ಲಿಮ್’ ಮತ್ತು ‘ಸ್ಕಿನ್ನಿ’ ಎರಡೂ ತೆಳ್ಳಗೆ ಅಂತಲೇ. ಮೊದಲನೆಯದು ಹೊಗಳಿಕೆ, ಎರಡನೆಯದು ನಮ್ಮ ‘ಸಣಕಲು’. ‘ಫೇಮಸ್’ ಹೆಸರುವಾಸಿ, ‘ನಟೋರಿಯಸ್’ ಕುಖ್ಯಾತ. ಇದನ್ನು ತಪ್ಪಿದರೆ ಹೊಗಳಲು ಹೋಗಿ ಬೈದ ಹಾಗಾಗುತ್ತದೆ.

ಇನ್ನೂ ನವಿರಾದ ಬಣ್ಣಗಳಿವೆ. ‘ಕಾಸ್’ ಕ್ರಿಯಾಪದದ ಮುಂದೆ ಸಾಮಾನ್ಯವಾಗಿ ಬರುವುದು ತೊಂದರೆ, ನಷ್ಟ, ಸಾವು, ನೋವು. ‘ಕಾಸ್ಡ್ ಗ್ರೇಟ್ ಹ್ಯಾಪಿನೆಸ್’ ಅಂತ ಬರೆದರೆ ವ್ಯಾಕರಣ ಸರಿ, ಕಿವಿಗೆ ಮಾತ್ರ ಎಲ್ಲೋ ಚುಚ್ಚುತ್ತದೆ. ‘ಬ್ರಾಟ್’ ಹಾಕಿ, ಸರಿಹೋಗುತ್ತದೆ. ಇದನ್ನು ನಿಯಮವಾಗಿ ಕಲಿಯಲು ಆಗುವುದಿಲ್ಲ. ಪದವನ್ನು ಹತ್ತು ಕಡೆ ಕಂಡಾಗ ತಾನಾಗಿ ಅಂಟುತ್ತದೆ.

ಪದ ಗೊತ್ತು, ಉಚ್ಚಾರಣೆ ಭಯ. ಅದಕ್ಕೇ ಬಳಸೋದೇ ಇಲ್ಲ.

ಈ ಭಯ ನನಗೆ ಚೆನ್ನಾಗಿ ಗೊತ್ತು. ‘ಇಪಿಟಮಿ’ ಎಂಬ ಪದವನ್ನು ವರ್ಷಗಳ ಕಾಲ ಓದಿ ಮಾತ್ರ ಗೊತ್ತಿತ್ತು. ಒಂದು ಸಭೆಯಲ್ಲಿ ‘ಎಪಿಟೋಮ್’ ಅಂದೆ, ಯಾರಿಗೂ ಅರ್ಥವಾಗಲಿಲ್ಲ, ಆಮೇಲೆ ಬಹಳ ದಿನ ಹೊಸ ಪದ ಬಳಸಲು ಹಿಂಜರಿದೆ. ಕನ್ನಡದಲ್ಲಿ ಬರೆದ ಹಾಗೇ ಓದುತ್ತೇವೆ, ಆ ಅಭ್ಯಾಸ ಇಂಗ್ಲಿಷ್‌ನಲ್ಲಿ ಕೈಕೊಡುತ್ತದೆ. ಸಾಲ ಅನ್ನುವ ಅರ್ಥದ ‘ಡೆಟ್’ನಲ್ಲಿ ‘ಬಿ’ ಅಕ್ಷರ ಇದೆ, ಸದ್ದು ಇಲ್ಲ. ಹಿಂದೆ ಅಕ್ಷರವೂ ಇರಲಿಲ್ಲ. ಲ್ಯಾಟಿನ್ ಮೂಲ ತೋರಿಸಲೆಂದು ವಿದ್ವಾಂಸರು ಆಮೇಲೆ ಸೇರಿಸಿದ್ದು ಅದು.

ಸದ್ದಿಗಿಂತ ಮುಖ್ಯ ಒತ್ತು. ನಾವು ಎಲ್ಲ ಅಕ್ಷರಕ್ಕೂ ಹೆಚ್ಚುಕಮ್ಮಿ ಒಂದೇ ತೂಕ ಕೊಡುತ್ತೇವೆ. ಇಂಗ್ಲಿಷ್‌ನಲ್ಲಿ ಒಂದು ಭಾಗ ಎದ್ದು ಕೇಳಿಸಬೇಕು. ‘ಫೋಟೊಗ್ರಾಫ್’ನಲ್ಲಿ ಒತ್ತು ‘ಫೋ’ ಮೇಲೆ, ‘ಫಟಾಗ್ರಫಿ’ಯಲ್ಲಿ ‘ಟಾ’ ಮೇಲೆ, ‘ಫೋಟೊಗ್ರಾಫಿಕ್’ನಲ್ಲಿ ‘ಗ್ರಾ’ ಮೇಲೆ. ನಿಘಂಟಿನಲ್ಲಿ ಒತ್ತು ಬೀಳುವ ಭಾಗದ ಮುಂದೆ ಒಂದು ಚಿಕ್ಕ ನೆಟ್ಟಗಿನ ಗೆರೆ ಇರುತ್ತದೆ. ಹೊಸ ಪದ ಬರೆದುಕೊಂಡ ದಿನವೇ ನಿಘಂಟಿನ ಆಡಿಯೋ ಒತ್ತಿ ಕೇಳಿ, ಮೂರು ಸಲ ಹೇಳಿ. ತಪ್ಪು ಉಚ್ಚಾರಣೆ ಬೇರೂರಿದ ಮೇಲೆ ತೆಗೆಯುವುದು ಕಷ್ಟ.

ದೊಡ್ಡ ದೊಡ್ಡ ಪದ ಬಳಸಿದ್ರೆ ಇಂಪ್ರೆಶನ್ ಜಾಸ್ತಿ ಅಲ್ವಾ?

ಅಲ್ಲ. ‘ಯೂಸ್’ ಸಾಕಾದ ಕಡೆ ‘ಯುಟಿಲೈಸ್’ ಬೇಡ, ‘ಬಿಗಿನ್’ ಸಾಕಾದ ಕಡೆ ‘ಕಮೆನ್ಸ್’ ಬೇಡ. ಹೊಸ ಪದವೊಂದು ಚಿಕ್ಕ ಪದ ಹೇಳಲಾಗದ್ದನ್ನು ಹೇಳಿದರೆ ಮಾತ್ರ ಅದಕ್ಕೆ ಜಾಗ ಕೊಡಿ. ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿಕೊಂಡರು ಅನ್ನುವುದಕ್ಕೆ ‘ಅಕ್ವಿಯೆಸ್ಡ್’ ಎಂಬ ಒಂದೇ ಪದ ಇದೆ, ‘ಅಗ್ರೀಡ್’ ಅದನ್ನು ಹೇಳುವುದಿಲ್ಲ. ಅಲ್ಲಿ ಕಷ್ಟದ ಪದವೇ ಸರಿಯಾದ ಪದ.

ಜಿಆರ್‌ಇಗೆ ಮೂರು ತಿಂಗಳಿದೆ. ಪದಗಳ ಪಟ್ಟಿ ಬಾಯಿಪಾಠ ಮಾಡೋದೊಂದೇ ದಾರಿನಾ?

ಸಮಯ ಕಮ್ಮಿ ಇದ್ದಾಗ ಪಟ್ಟಿ ಬೇಕೇ ಬೇಕು, ಅದರಲ್ಲಿ ತಪ್ಪಿಲ್ಲ. ಆದರೆ ವಿದೇಶದಲ್ಲಿ ಉನ್ನತ ಓದಿಗೆ ಬರೆಯುವ ಆ ಪರೀಕ್ಷೆಯಲ್ಲಿ ಪದಗಳು ಬರುವುದು ವಾಕ್ಯದ ಖಾಲಿ ಜಾಗಗಳಲ್ಲಿ. ಆದ್ದರಿಂದ ಪ್ರತಿ ಪದಕ್ಕೂ ಒಂದು ವಾಕ್ಯ ಇರಲಿ. ಅಪರೂಪದ ಪದಗಳಿಗಿಂತ ಗೊತ್ತಿರುವ ಪದಗಳ ಗೊತ್ತಿಲ್ಲದ ಅರ್ಥಗಳೇ ಜಾಸ್ತಿ ಬೀಳಿಸುತ್ತವೆ. ‘ಚೆಕ್’ ಅಂದರೆ ತಡೆಹಿಡಿ, ‘ಫ್ಲ್ಯಾಗ್’ ಅಂದರೆ ಸೊರಗು, ‘ಕ್ವಾಲಿಫೈ’ ಅಂದರೆ ಹೇಳಿದ ಮಾತಿಗೆ ಮಿತಿ ಹಾಕು, ‘ವಾಂಟ್’ ಅಂದರೆ ಕೊರತೆ. ಇವನ್ನು ಬೇರೆಯಾಗಿಯೇ ಒಂದು ಪಟ್ಟಿ ಮಾಡಿ.

ಪರೀಕ್ಷೆಯ ನಂತರ ವಿಶ್ವವಿದ್ಯಾಲಯದ ಓದಿಗೆ ಬೇಕಾಗುವುದು ಬೇರೆ ಪಟ್ಟಿ. ಆವ್ರಿಲ್ ಕಾಕ್ಸ್‌ಹೆಡ್ 2000ದಲ್ಲಿ ಪ್ರಕಟಿಸಿದ 570 ಪದಕುಟುಂಬಗಳು ಎಲ್ಲ ವಿಷಯಗಳ ಪಠ್ಯದಲ್ಲೂ ಸುಮಾರು ಹತ್ತನೇ ಒಂದು ಭಾಗ ಇರುತ್ತವೆ. ‘ಅನಲೈಜ್’, ‘ಹೈಪಾಥಿಸಿಸ್’, ‘ಸಿಗ್ನಿಫಿಕೆಂಟ್’ ಥರದವು. ಓದಲು ಹೋಗುವವರಿಗೆ ಇವೇ ಹೆಚ್ಚು ಕೆಲಸಕ್ಕೆ ಬರುತ್ತವೆ.

ನೋಡೋಕೆ ಒಂದು ಅರ್ಥ, ನಿಜವಾಗಿ ಇನ್ನೊಂದು. ಇಂಥ ಮೋಸದ ಪದಗಳು ಯಾವುವು?

ನನಗೆ ಹೆಚ್ಚು ಕಂಡವು ಇವು. ‘ಇನ್‌ಫ್ಲೇಮಬಲ್’ ಅಂದರೆ ಬೆಂಕಿ ಹತ್ತದ್ದು ಅಲ್ಲ, ಸುಲಭವಾಗಿ ಹತ್ತುವುದು. ಇದನ್ನು ತಪ್ಪಾಗಿ ತಿಳಿದರೆ ಪ್ರಾಣಕ್ಕೇ ಅಪಾಯ. ‘ಇನ್‌ವ್ಯಾಲ್ಯುಬಲ್’ ಬೆಲೆ ಇಲ್ಲದ್ದು ಅಲ್ಲ, ಬೆಲೆ ಕಟ್ಟಲಾಗದಷ್ಟು ದೊಡ್ಡದು. ‘ಡಿಸ್‌ಇಂಟರೆಸ್ಟೆಡ್’ ನ್ಯಾಯಾಧೀಶರು ಬೇಕು, ಅಂದರೆ ಸ್ವಂತ ಲಾಭ ಇಲ್ಲದವರು. ‘ಅನ್‌ಇಂಟರೆಸ್ಟೆಡ್’ ನ್ಯಾಯಾಧೀಶರು ಯಾರಿಗೂ ಬೇಡ. ಮೊದಲ ಪದವನ್ನು ಎರಡನೆಯ ಅರ್ಥದಲ್ಲಿ ಬಳಸುವವರೂ ಇದ್ದಾರೆ, ಓದುವಾಗ ಎಚ್ಚರವಿರಲಿ, ಬರೆಯುವಾಗ ಬೇರೆಯಾಗೇ ಇಟ್ಟುಕೊಳ್ಳಿ.

ತುಂಬಾ ದಿನದಿಂದ ಅಭ್ಯಾಸ ಮಾಡ್ತಿದ್ದೀನಿ, ಎಲ್ಲೋ ನಿಂತುಬಿಟ್ಟಿದ್ದೀನಿ ಅನ್ಸುತ್ತೆ. ಬೆಳೀತಿದ್ದೀನಾ ಅಂತ ಹೇಗೆ ತಿಳಿಯೋದು?

ಶುರುವಿನಲ್ಲಿ ಕಲಿತ ಪದ ಪ್ರತಿ ಪುಟದಲ್ಲೂ ಸಿಗುತ್ತದೆ, ಹಾಗಾಗಿ ಬೆಳವಣಿಗೆ ಕಾಣುತ್ತದೆ. ಮೇಲಿನ ಹಂತದ ಪದ ಒಂದು ಪುಸ್ತಕದಲ್ಲಿ ಒಮ್ಮೆ ಸಿಕ್ಕರೆ ಹೆಚ್ಚು. ನೀವು ನಿಂತಿಲ್ಲ, ಕಲಿತದ್ದು ಎದುರಾಗಲು ಕಾಲ ಹಿಡಿಯುತ್ತಿದೆ, ಅಷ್ಟೇ.

ಅಳೆಯಲು ನಾನು ಮಾಡುವುದು ಹೀಗೆ. ಸ್ವಲ್ಪ ಕಷ್ಟ ಅನ್ನಿಸಿದ ಪುಸ್ತಕದ ಒಂದು ಪುಟದಲ್ಲಿ ಗೊತ್ತಿಲ್ಲದ ಪದಗಳಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು, ತಾರೀಖು ಹಾಕಿ ಇಡುತ್ತೇನೆ. ಆರು ತಿಂಗಳ ನಂತರ ಅದೇ ಪುಟ ತೆಗೆದು ಓದುತ್ತೇನೆ. ಯಾವ ಗೆರೆ ಇನ್ನು ಬೇಡವೋ ಅದನ್ನು ಅಳಿಸುತ್ತೇನೆ.